ಅಪ್ಪ–ಅಮ್ಮನಿಗೆ ಬಾರದಿದ್ದರೂ ಮನೆಯಲ್ಲಿ ಫ್ರೆಂಚ್

ಬೆಂಗಳೂರಿನ ಹಲವು ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಆರನೇ ತರಗತಿಯ ಹೊತ್ತಿಗೆ ಮಕ್ಕಳ ಬ್ಯಾಗಿನಲ್ಲಿ ಒಂದು ಫ್ರೆಂಚ್ ಪಠ್ಯಪುಸ್ತಕವೂ ಸೇರಿರುತ್ತದೆ. ವಾರಕ್ಕೆ ಎರಡೋ ಮೂರೋ ಪೀರಿಯಡ್. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೆ ಬಾಯಿ ತೆರೆದು ಮಾತಾಡಲು ಸಿಗುವುದು ಒಂದು ನಿಮಿಷವೂ ಇಲ್ಲ. ಹಾಗಾಗಿ ಕ್ರಿಯಾಪದದ ರೂಪಗಳನ್ನೆಲ್ಲ ತಪ್ಪಿಲ್ಲದೆ ಬರೆದು ತೊಂಬತ್ತು ಅಂಕ ತರುವ ಹುಡುಗಿಯೂ, ಯಾರಾದರೂ ಫ್ರೆಂಚ್‌ನಲ್ಲಿ ಹೆಸರು ಕೇಳಿದರೆ ತಡವರಿಸುತ್ತಾಳೆ. ವ್ಯಾಕರಣವನ್ನು ಶಾಲೆ ನೋಡಿಕೊಳ್ಳುತ್ತದೆ. ಕಿವಿಗೂ ಬಾಯಿಗೂ ಬೇಕಾದ ಅಭ್ಯಾಸ ಮಾತ್ರ ಮನೆಯಲ್ಲೇ ಆಗಬೇಕು.

‘ನಮಗೇ ಬರಲ್ಲ, ನಾವೇನು ಹೇಳಿಕೊಡೋದು?’ ಎಂದು ಪೋಷಕರು ಕೇಳುತ್ತಾರೆ. ಹೇಳಿಕೊಡುವ ಅಗತ್ಯವಿಲ್ಲ. ದಿನಕ್ಕೆ ಹತ್ತು–ಹದಿನೈದು ನಿಮಿಷ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು ಬೇಕು, ಅಷ್ಟೇ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನದಿನದ ಆ ಹತ್ತು ನಿಮಿಷ ಹೆಚ್ಚು ಫಲ ಕೊಡುತ್ತದೆ. ಇನ್ನೊಂದು ಮಾತೂ ಇದೆ: ಫ್ರೆಂಚ್ ಉಚ್ಚಾರದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಮಕ್ಕಳಿಗೆ ಹತ್ತಿರದ ಸಹಾಯ. ಇದನ್ನು ಎಷ್ಟೋ ಮನೆಗಳವರು ಗಮನಿಸಿಯೇ ಇಲ್ಲ.

ನಮ್ಮ ಮಕ್ಕಳು ಫ್ರೆಂಚ್ ಕಲಿಯುವುದು ಇಂಗ್ಲಿಷಿನ ಮೂಲಕ. ಲಿಪಿ ಒಂದೇ ಆದ್ದರಿಂದ ಅಕ್ಷರ ಕಂಡ ಕೂಡಲೇ ಇಂಗ್ಲಿಷ್ ಉಚ್ಚಾರವೇ ಬಾಯಿಗೆ ಬರುತ್ತದೆ. ಮೇಜಿಗೆ ಫ್ರೆಂಚರು ಬರೆಯುವ ಪದ ಇಂಗ್ಲಿಷಿನ ಟೇಬಲ್‌ನದ್ದೇ ಕಾಗುಣಿತ, ಅವರು ಹೇಳುವುದು ಮಾತ್ರ ‘ತಾಬ್ಲ್’. ನಾಲಿಗೆಯ ತುದಿ ಹಲ್ಲಿಗೆ ತಾಗುವ ನಮ್ಮ ತ, ದ ಅಲ್ಲಿ ಹಾಗೆಯೇ ಇವೆ. ಟ, ಡ ಇಲ್ಲ. ಪ, ತ, ಕಗಳನ್ನು ಉಸಿರು ಚಿಮ್ಮಿಸದೆ ಅಲ್ಪಪ್ರಾಣವಾಗಿ ಹೇಳುವುದೂ ನಮ್ಮ ಹಾಗೆಯೇ. ‘ಟ ಬೇಡ, ತ ಅನ್ನು’ ಎಂದು ತಿದ್ದಲು ಫ್ರೆಂಚ್ ಬರಬೇಕಿಲ್ಲ, ಅಮ್ಮನ ಕನ್ನಡದ ಕಿವಿ ಸಾಕು.

ಕನ್ನಡದಲ್ಲಿ ಇಲ್ಲದ ಮುಖ್ಯ ಸ್ವರಗಳು ಕೆಲವೇ. ಒಂದು, ಇಂಗ್ಲಿಷಿನ ‘ಯು’ ಅಕ್ಷರಕ್ಕೆ ಫ್ರೆಂಚ್‌ನಲ್ಲಿರುವ ಸ್ವರ. ಅದು ‘ಉ’ ಅಲ್ಲ, ‘ಯೂ’ ಕೂಡ ಅಲ್ಲ. ‘ಈ’ ಎಂದು ಎಳೆಯುತ್ತಾ, ನಾಲಿಗೆಯನ್ನು ಕದಲಿಸದೆ, ತುಟಿಗಳನ್ನು ಮಾತ್ರ ಸೀಟಿ ಹೊಡೆಯುವಷ್ಟು ದುಂಡಗೆ ಮಾಡಿದರೆ ಅದು ತಾನಾಗಿ ಬರುತ್ತದೆ. ಈ ಸ್ವರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ‘ಮೇಲೆ’, ‘ಕೆಳಗೆ’ ಎನ್ನುವ ಅರ್ಥದ ಎರಡು ಪದಗಳ ಉಚ್ಚಾರದಲ್ಲಿ ಅಲ್ಲಿರುವ ವ್ಯತ್ಯಾಸ ಇದೊಂದೇ: ಈ ಸ್ವರವಿದ್ದರೆ ಮೇಲೆ, ನಮ್ಮ ‘ಊ’ ಇದ್ದರೆ ಕೆಳಗೆ. ಇನ್ನೊಂದು, ಮೂಗಿನ ಸ್ವರಗಳು. ನಾವು ‘ಅಂಗಡಿ’ ಎನ್ನುವಾಗ ಅನುಸ್ವಾರದಲ್ಲಿ ಬಾಯಿ ಒಳಗಡೆ ಮುಚ್ಚಿಕೊಳ್ಳುತ್ತದೆ. ಫ್ರೆಂಚ್‌ನಲ್ಲಿ ಹಾಗೆ ಮುಚ್ಚುವ ಮೊದಲೇ ನಿಲ್ಲಬೇಕು, ದನಿ ಮೂಗಿನಿಂದ ಹೊರಡಬೇಕು. ಕೈಗನ್ನಡಿ ಕೊಟ್ಟು ‘ಬೋಂ’ ಎನ್ನಲು ಹೇಳಿ; ಕೊನೆಯಲ್ಲಿ ತುಟಿ ಕೂಡಿದರೆ ತಪ್ಪು. ‘ರ’ಕಾರ ನಾಲಿಗೆಯ ತುದಿಯಲ್ಲಿ ಹುಟ್ಟದೆ ಗಂಟಲ ಬಳಿ ಹುಟ್ಟುತ್ತದೆ, ಬಾಯಿ ಮುಕ್ಕಳಿಸುವಾಗ ನೀರು ಗಳಗಳ ಎನ್ನುವ ಜಾಗದಲ್ಲಿ. ಅದು ತಡವಾಗಿ ಬಂದರೂ ಚಿಂತೆಯಿಲ್ಲ. ನಮ್ಮ ‘ರ’ ಹೇಳಿದರೂ ಎದುರಿನವರಿಗೆ ಅರ್ಥವಾಗುತ್ತದೆ, ಆದರೆ ಮೇಲಿನ ಎರಡನ್ನು ತಪ್ಪಿದರೆ ಅರ್ಥವೇ ಕೆಡುತ್ತದೆ.

ಪದಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉಚ್ಚಾರ ಬರೆದುಕೊಳ್ಳುವ ಅಭ್ಯಾಸವನ್ನು ಆದಷ್ಟು ಬೇಗ ಬಿಡಿಸಬೇಕು. ಈ ಹೊಸ ಸ್ವರಗಳಿಗೆ ಎರಡು ಕಡೆಯೂ ಅಕ್ಷರವಿಲ್ಲ. ಮೇಲಾಗಿ ಫ್ರೆಂಚ್‌ನಲ್ಲಿ ಪದದ ಕೊನೆಯ ವ್ಯಂಜನ ಬಹುಪಾಲು ಕೇಳಿಸುವುದಿಲ್ಲ, ಮುಂದಿನ ಪದ ಸ್ವರದಿಂದ ಶುರುವಾದರೆ ಎಷ್ಟೋ ಸಲ ಕೇಳಿಸುತ್ತದೆ. ‘ಲೇ’ ಮತ್ತು ‘ಆಮಿ’ ಸೇರಿದಾಗ ‘ಲೇಜ಼ಾಮಿ’ ಆಗುತ್ತದೆ. ಸಂಧಿ ಗೊತ್ತಿರುವ ನಮ್ಮ ಮಕ್ಕಳಿಗೆ ಇದು ತೀರಾ ಅಪರಿಚಿತವಲ್ಲ, ಆದರೆ ಕೇಳಿಯೇ ಹಿಡಿಯಬೇಕು. ಪಠ್ಯಪುಸ್ತಕದ ಆಡಿಯೋ ಹಾಕಿ, ಒಂದು ವಾಕ್ಯ ಕೇಳಿ, ನಿಲ್ಲಿಸಿ, ಹಾಗೆಯೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೂ ಒಂದರ ಹಿಂದೆ ಒಂದು ಕೇಳುವುದು ನನಗೆ ಗೊತ್ತಿರುವ ಅತ್ಯುತ್ತಮ ಮನೆಪಾಠ. ತಪ್ಪು ಎಲ್ಲಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಸಂಖ್ಯೆಗಳ ಅಭ್ಯಾಸಕ್ಕೆ ಬೆಂಗಳೂರಿನ ಟ್ರಾಫಿಕ್ ಜಾಮ್ ಸಾಕು. ಮುಂದಿನ ಗಾಡಿಯ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಎರಡೆರಡಾಗಿ ಒಡೆದು ಫ್ರೆಂಚ್‌ನಲ್ಲಿ ಓದಿಸಿ. 7196 ಸಿಕ್ಕರೆ ಅದೃಷ್ಟ: 71 ಎಂದರೆ ‘ಅರವತ್ತು ಮತ್ತು ಹನ್ನೊಂದು’, 96 ಎಂದರೆ ‘ನಾಲ್ಕು ಇಪ್ಪತ್ತು ಹದಿನಾರು’. ಫ್ರಾನ್ಸಿನವರ ಎಣಿಕೆ 70ರ ನಂತರ ಹೀಗೆ ಸಾಗುತ್ತದೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು 70ಕ್ಕೂ 90ಕ್ಕೂ ಸರಳ ಪದ ಬಳಸುತ್ತಾರೆ. ಎರಡೆರಡಾಗಿ ಓದಿಸಲು ಕಾರಣವಿದೆ: ಫ್ರಾನ್ಸಿನಲ್ಲಿ ಹತ್ತು ಅಂಕಿಯ ಫೋನ್ ನಂಬರನ್ನು ಐದು ಜೋಡಿಗಳಾಗಿಯೇ ಹೇಳುತ್ತಾರೆ. ಪ್ಲೇಟಿನ ಅಕ್ಷರಗಳೂ ಉಪಯೋಗಕ್ಕೆ ಬರುತ್ತವೆ. ಇಂಗ್ಲಿಷಿನ ‘ಜಿ’ ಅಲ್ಲಿ ‘ಝೇ’, ‘ಜೆ’ ಅಲ್ಲಿ ‘ಝಿ’. ಹೆಸರಿನ ಕಾಗುಣಿತ ಹೇಳು ಎಂದಾಗ ಮಕ್ಕಳು ಎಡವುವುದು ಇಂಥಲ್ಲೇ.

ವಯಸ್ಸು ಹೇಳುವಾಗ ‘ನಾನು ಹದಿಮೂರು’ ಎಂಬಂತೆ ಹೇಳುವ ತಪ್ಪು ಎಲ್ಲ ಮಕ್ಕಳಲ್ಲೂ ಇರುತ್ತದೆ. ಅದು ಇಂಗ್ಲಿಷಿನಿಂದ ಬಂದದ್ದು. ಫ್ರೆಂಚ್‌ನಲ್ಲಿ ವಯಸ್ಸು, ಹಸಿವು, ಬಾಯಾರಿಕೆ, ಭಯ ಎಲ್ಲಕ್ಕೂ ‘ಹೊಂದಿರು’ ಎಂಬ ಅರ್ಥದ ‘ಆವ್ವಾರ್’ ಕ್ರಿಯಾಪದ ಬರುತ್ತದೆ. ಕನ್ನಡದಲ್ಲೂ ‘ನನಗೆ ಹದಿಮೂರು ವರ್ಷ’, ‘ನನಗೆ ಹಸಿವು’, ‘ನನಗೆ ಭಯ’ ಎಂದು ಎಲ್ಲವೂ ಒಂದೇ ಅಚ್ಚಿನಲ್ಲಿವೆ. ಕನ್ನಡದ ‘ನನಗೆ’ ಬಂದಲ್ಲಿ ‘ಆವ್ವಾರ್’ ಇರಬಹುದೇ ನೋಡು ಎಂದರೆ ಬೇಗ ಹತ್ತುತ್ತದೆ. ಎಲ್ಲ ಕಡೆ ಹೊಂದುವುದಿಲ್ಲ, ಈ ನಾಲ್ಕಕ್ಕಂತೂ ಹೊಂದುತ್ತದೆ. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ನಮಗೆ ಮೇಜು, ಪುಸ್ತಕ, ಮನೆ ಎಲ್ಲವೂ ನಪುಂಸಕ; ಅಲ್ಲಿ ನಪುಂಸಕವೇ ಇಲ್ಲ. ಹಾಗಾಗಿ ಪದವನ್ನು ಒಂಟಿಯಾಗಿ ಕಲಿಯಲೇಬಾರದು, ಅದರ ಮುಂದೆ ಬಂದು ಲಿಂಗ ತೋರಿಸುವ ‘ಅಂ’ (ಪುಲ್ಲಿಂಗ) ಅಥವಾ ‘ಯೂನ್’ (ಸ್ತ್ರೀಲಿಂಗ) ಸಮೇತ ಬಾಯಿಪಾಠವಾಗಬೇಕು.

ಇದಕ್ಕೆ ಚೀಟಿಗಳು ಒಳ್ಳೆಯವು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಒಂದು ಕಡೆ ಫ್ರೆಂಚ್ ಪದ, ಇನ್ನೊಂದು ಕಡೆ ಕನ್ನಡ ಬರೆಸಿ. ಪುಲ್ಲಿಂಗ ನೀಲಿ ಶಾಯಿ, ಸ್ತ್ರೀಲಿಂಗ ಕೆಂಪು. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮದಲ್ಲಿ ಅವನ್ನು ಮೂರು ಡಬ್ಬಿಗಳಲ್ಲಿ ಇಡಬಹುದು. ಮೊದಲ ಡಬ್ಬಿ ದಿನವೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಕನ್ನಡದ ಬದಿ ನೋಡಿ ಪ್ರಶ್ನೆ ಕೇಳುವ ಕೆಲಸವನ್ನು ಅಜ್ಜಿಯೂ ಮಾಡಬಹುದು.

ಮಾತಿನ ಅಭ್ಯಾಸಕ್ಕೆ ಒಂದು ಚೌಕಟ್ಟು ಬೇಕೆಂದರೆ ಡೆಲ್ಫ್ ಪರೀಕ್ಷೆಯ ಮಾದರಿ ಇದೆ. ಇದು 1985ರಿಂದ ಇರುವ, ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಪ್ರಮಾಣಪತ್ರ. ಹದಿಹರೆಯದವರಿಗೆ ಅದರ ಜೂನಿಯರ್ ರೂಪವಿದೆ. ಎ1, ಎ2, ಬಿ1, ಬಿ2 ಎಂದು ನಾಲ್ಕು ಹಂತ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು – ತಲಾ 25 ಅಂಕ. ಉತ್ತೀರ್ಣರಾಗಲು ಒಟ್ಟು 50, ಪ್ರತಿ ಭಾಗದಲ್ಲೂ ಕನಿಷ್ಠ 5. ಶಾಲೆಯಲ್ಲಿ ಬರವಣಿಗೆಯೇ ಮುಖ್ಯ, ಇಲ್ಲಿ ಒಟ್ಟು ಅಂಕಗಳಲ್ಲಿ ಅರ್ಧ ಕಿವಿ ಮತ್ತು ಬಾಯಿಗೆ. ಎ1 ಹಂತದ ಮಾತಿನ ಪರೀಕ್ಷೆ ಐದರಿಂದ ಏಳು ನಿಮಿಷ: ಮೊದಲು ತನ್ನ ಬಗ್ಗೆ ಹೇಳಬೇಕು, ಆಮೇಲೆ ಒಂದೊಂದು ಪದವಿರುವ ಚೀಟಿ ಎತ್ತಿ ಪರೀಕ್ಷಕರಿಗೇ ಪ್ರಶ್ನೆ ಕೇಳಬೇಕು, ಕೊನೆಗೆ ಅಂಗಡಿಯಲ್ಲಿ ಏನೋ ಕೊಳ್ಳುವಂಥ ಒಂದು ಸಣ್ಣ ಸಂಭಾಷಣೆ.

ಮೂರನ್ನೂ ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಮಾಡಬಹುದು. ಮಗಳು ‘ರಜೆ’ ಎಂಬ ಚೀಟಿ ಎತ್ತಿ ಫ್ರೆಂಚ್‌ನಲ್ಲಿ ಪ್ರಶ್ನೆ ಕೇಳಲಿ, ಅದರ ಅರ್ಥವನ್ನು ತಾನೇ ಹೇಳಲಿ. ಅಪ್ಪ ‘ರಜೆಗೆ ಶಿರಸಿಗೆ ಹೋಗ್ತೀನಮ್ಮಾ’ ಎಂದು ಕನ್ನಡದಲ್ಲೇ ಉತ್ತರಿಸಲಿ, ಅದನ್ನು ಅವಳು ಫ್ರೆಂಚ್‌ನಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಹೋಗಲಿ. ಅಪ್ಪನೊಂದಿಗೆ ‘ತ್ಯು’, ಅಪರಿಚಿತ ಅಂಗಡಿಯವರೊಂದಿಗೆ ‘ವೂ’ ಎಂಬುದು ನೀನು–ನೀವು ಬಲ್ಲ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಫ್ರೆಂಚ್ ಮನೆಗಳಲ್ಲಿ ಅಜ್ಜ–ಅಜ್ಜಿಗೂ ಸಾಮಾನ್ಯವಾಗಿ ‘ತ್ಯು’ ಎನ್ನುತ್ತಾರೆ ಎಂಬುದನ್ನು ಮಾತ್ರ ತಿಳಿಸಬೇಕು. ಮಾತಿನ ನಡುವೆ ತಿದ್ದಬೇಡಿ. ತಪ್ಪಿದ್ದನ್ನು ಮುಗಿದ ಮೇಲೆ ಪುಸ್ತಕದಲ್ಲಿ ಹುಡುಕಲಿ.

ನೆಂಟರು ಬಂದಾಗ ‘ಎಲ್ಲಿ, ಅಂಕಲ್‌ಗೆ ಸ್ವಲ್ಪ ಫ್ರೆಂಚ್ ಮಾತಾಡಿ ತೋರಿಸು’ ಎನ್ನುವುದನ್ನು ದಯವಿಟ್ಟು ನಿಲ್ಲಿಸಬೇಕು. ಹನ್ನೆರಡು–ಹದಿನಾಲ್ಕರ ವಯಸ್ಸಿನ ಸಂಕೋಚ ದೊಡ್ಡದು. ಒಮ್ಮೆ ಎಲ್ಲರೆದುರು ನಾಲಿಗೆ ತೊಡರಿದರೆ ಆ ಮಗು ಮನೆಯಲ್ಲಿ ಮತ್ತೆ ಆ ಭಾಷೆಯ ಸದ್ದೇ ಎತ್ತುವುದಿಲ್ಲ.

ಕೇಳಲು ಟಿವಿ5ಮೊಂದ್ ವಾಹಿನಿಯ ಉಚಿತ ಕಲಿಕಾ ತಾಣವಿದೆ. ಎ1ರಿಂದ ಬಿ2ವರೆಗೆ ಹಂತಹಂತವಾಗಿ ಸಣ್ಣ ವಿಡಿಯೊಗಳೂ ಅಭ್ಯಾಸಗಳೂ ಸಿಗುತ್ತವೆ. ಮಕ್ಕಳಿಗೆ ಗೊತ್ತಿರುವ ‘ಮಿರಾಕ್ಯುಲಸ್’ ಕಾರ್ಟೂನ್ ಪ್ಯಾರಿಸ್ಸಿನಲ್ಲೇ ನಡೆಯುವ ಕಥೆ. ಮೊದಲೇ ನೋಡಿದ ಕಂತನ್ನು ಫ್ರೆಂಚ್ ಆಡಿಯೋ, ಫ್ರೆಂಚ್ ಸಬ್‌ಟೈಟಲ್ ಇಟ್ಟು ಐದು ನಿಮಿಷ ನೋಡಲಿ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಕಣ್ಣು ಓದುತ್ತದೆ, ಕಿವಿ ಸುಮ್ಮನಿರುತ್ತದೆ.

ಅನುವಾದದ ಆ್ಯಪ್‌ಗಳನ್ನು ನಿಷೇಧಿಸಿ ಪ್ರಯೋಜನವಿಲ್ಲ. ಕ್ರಮ ಬದಲಿಸಬೇಕು: ಮೊದಲು ಐದು ಸಾಲು ಸ್ವಂತವಾಗಿ ಬರೆಯಲಿ, ನಂತರ ಆ್ಯಪ್ ಕೊಡುವುದರೊಂದಿಗೆ ಹೋಲಿಸಿ ಎಲ್ಲಿ ಬೇರೆಯಾಯಿತು ಎಂದು ಗೆರೆ ಎಳೆಯಲಿ.

ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಕನ್ನಡದ ಕುಟುಂಬಗಳ ಸ್ಥಿತಿ ಬೇರೆ. ಕ್ವಿಬೆಕ್‌ನ 1977ರ ಭಾಷಾ ಶಾಸನದಂತೆ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಮಾಧ್ಯಮದಲ್ಲೇ ಓದುತ್ತಾರೆ. ಇಡೀ ದಿನ ಫ್ರೆಂಚ್ ಕೇಳಿ ಬರುವ ಮಗುವಿನೊಂದಿಗೆ ಮನೆಯಲ್ಲಿ ಕನ್ನಡವೇ ಆಡಬೇಕು, ಶಾಲೆಯ ಪಾಠವನ್ನು ಕನ್ನಡದಲ್ಲಿ ಹೇಳಿಸಬೇಕು. ಅಲ್ಲಿನ ಉಚ್ಚಾರವೂ ಬೇರೆ: ‘ತ್ಯು’ ಎಂಬುದು ‘ತ್ಸ್ಯು’ ಎಂದು ಕೇಳಿಸುತ್ತದೆ. ಅದು ತಪ್ಪಲ್ಲ, ಆ ಊರಿನ ರೀತಿ.

ಎ1 ಮುಟ್ಟಲು ಸುಮಾರು 60ರಿಂದ 100 ಗಂಟೆಯ ಪಾಠ, ಎ2ಗೆ ಒಟ್ಟು 160ರಿಂದ 200 ಗಂಟೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ಶಾಲೆಗಳ ವಾರಕ್ಕೆ ಎರಡು–ಮೂರು ಪೀರಿಯಡ್‌ಗಳಲ್ಲಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಏಳನೇ ತರಗತಿಯ ಮಗುವಿನಿಂದ ನಿರರ್ಗಳ ಮಾತನ್ನು ನಿರೀಕ್ಷಿಸಬೇಡಿ. ಎ2 ದಾಟಿದ ಮೇಲೂ ಆಸಕ್ತಿ ಉಳಿದಿದ್ದರೆ ಬೆಂಗಳೂರಿನ ವಸಂತನಗರದಲ್ಲಿರುವ ಫ್ರೆಂಚ್ ಭಾಷಾ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಕರೆದುಕೊಂಡು ಹೋಗಿ. ಓದಲು, ಗೊಸಿನಿ ಬರೆದು ಸಾಂಪೇ ಚಿತ್ರ ಬಿಡಿಸಿದ ‘ಲ ಪತಿ ನಿಕೊಲಾ’ ಆ ಹಂತಕ್ಕೆ ಸರಿಯಾದ ಪುಸ್ತಕ. ಕಥೆ ಹೇಳುವವನು ಶಾಲಾ ಹುಡುಗನೇ, ವಾಕ್ಯಗಳು ಮಾತಿನ ಧಾಟಿಯಲ್ಲಿವೆ, ಒಂದೊಂದು ಕಥೆಯೂ ಕೆಲವೇ ಪುಟ. ಪ್ರತಿ ಪದಕ್ಕೂ ನಿಘಂಟು ತೆಗೆಯದೆ, ಒಂದು ಪುಟಕ್ಕೆ ಮೂರೇ ಪದ ಎಂದು ಮಿತಿ ಹಾಕಿಕೊಂಡು ಓದಲಿ; ಓದಿ ಮುಗಿಸಿದ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಕನ್ನಡದಲ್ಲಿ ಹೇಳಲಿ.