ಕೈಗೂ ಗುರು ಬೇಕು

ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯ ಸಮೀಪದ ಕಾಲೇಜಿನಲ್ಲಿ ಮೋಟಾರ್‌ಸೈಕಲ್ ದುರಸ್ತಿಯ ಸಂಜೆ ತರಗತಿ ಆರಂಭವಾಗಲಿದೆ. ಹತ್ತು ವಾರಗಳ ಪಾಠ. ಅರ್ಜಿ ಹಲವು ದಿನಗಳಿಂದ ಮೇಜಿನ ಮೇಲಿದೆ. "ಐವತ್ತಾರಕ್ಕೆ ಮೆಕ್ಯಾನಿಕ್ ಆಗ್ತೀರಾ?" ಎಂದು ಪತ್ನಿ ನಗುತ್ತಾಳೆ.

ಎಣ್ಣೆ ಬದಲಿಸುವುದನ್ನೂ ಚೈನ್ ಬಿಗಿಸುವುದನ್ನೂ ಕೈಪಿಡಿ ನೋಡಿಯೇ ಕಲಿಯಬಹುದು. ಮೂರು ವರ್ಷ ದಾಟಿದ ವಾಹನಕ್ಕೆ ಇಂಗ್ಲೆಂಡಿನಲ್ಲಿ ವಾರ್ಷಿಕ ಎಂಒಟಿ ತಪಾಸಣೆ ಹೇಗೂ ಕಡ್ಡಾಯ. ಹಾಗಿರುವಾಗ ತರಗತಿ ಏಕೆ? ಕಳೆದ ತಿಂಗಳವರೆಗೆ ನನ್ನ ವಾದವೂ ಇದೇ ಆಗಿತ್ತು.

ಅಂದು ವಿಡಿಯೊ ನೋಡಿ ಮುಂದಿನ ಬ್ರೇಕಿನ ಪ್ಯಾಡುಗಳನ್ನು ನಾನೇ ಬದಲಿಸಿದೆ. ಹೊಸ ಪ್ಯಾಡಿಗೆ ಸ್ಥಳವಾಗಲೆಂದು ಪಿಸ್ಟನ್‌ಗಳನ್ನು ಒಳಗೆ ತಳ್ಳುತ್ತೇವೆ. ಅವು ಮರಳಿ ಪ್ಯಾಡನ್ನು ಒತ್ತುವವರೆಗೆ ಲಿವರನ್ನು ಹಲವು ಬಾರಿ ಹಿಂಡಬೇಕು. ಅದನ್ನು ಮರೆತೆ. ಮೊದಲ ತಿರುವಿನಲ್ಲೇ ಲಿವರ್ ಹಿಡಿಕೆಗೆ ತಾಗಿತು, ಬ್ರೇಕ್ ಹಿಡಿಯಲಿಲ್ಲ. ಹಿಂದಿನ ಬ್ರೇಕ್ ನನ್ನನ್ನು ಉಳಿಸಿತು.

ಮೈಸೂರಿನಲ್ಲಿ ತಂದೆಯವರ ಬಳಿ ಯೆಜ್ಡಿ ಇತ್ತು. 1961ರಲ್ಲಿ ಅದೇ ಊರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯದು. ಭಾನುವಾರ ಅವರು ಪ್ಲಗ್ ಬಿಚ್ಚಿ ಮಸಿ ಒರೆಸುವಾಗ ಹತ್ತಿರ ಹೋದರೆ, "ನೀನು ಹೋಗಿ ಓದಿಕೋ" ಎನ್ನುತ್ತಿದ್ದರು. ಓದಿ ವೈದ್ಯನಾದೆ. ಆದರೆ ರೋಗಿಯ ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುವುದನ್ನು ಕಲಿತದ್ದು ಪುಸ್ತಕದಿಂದಲ್ಲ, ಪಕ್ಕದಲ್ಲಿ ನಿಂತು ನನ್ನ ಕೈಯನ್ನು ತಿದ್ದಿದ ಗುರುಗಳಿಂದ. ವಿಡಿಯೊವನ್ನು ನಾವು ನೋಡುತ್ತೇವೆ. ಅದು ನಮ್ಮನ್ನು ನೋಡುವುದಿಲ್ಲ.

ಇಂದು ಅರ್ಜಿ ತುಂಬಿದೆ. 'ಪೂರ್ವಾನುಭವ' ಎಂಬಲ್ಲಿ 'ಇಲ್ಲ' ಎಂದು ಬರೆದೆ.