ವಿದ್ಯುತ್ ಹೋದ ಹೊತ್ತಿಗೂ ಲೆಕ್ಕವಿರಲಿ

ವಿದ್ಯುತ್ ಬಿಲ್ಲಿನಲ್ಲಿ ನಾವು ಬಳಸಿದ ಯೂನಿಟ್ಟುಗಳ ಲೆಕ್ಕವಿರುತ್ತದೆ. ವಿದ್ಯುತ್ ಇಲ್ಲದೆ ಕಳೆದ ಹೊತ್ತಿನ ಲೆಕ್ಕವಿರುವುದಿಲ್ಲ. ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಇಂದಿಗೂ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಮೀನು, ಮಾಂಸವನ್ನು ಫ್ರೀಜರಿನಲ್ಲಿಟ್ಟು ರಾತ್ರಿ ಬಾಗಿಲು ಹಾಕುವ ವರ್ತಕರಿಗೆ, ನಡುರಾತ್ರಿಯ ವಿದ್ಯುತ್ ಕಡಿತವು ಬೆಳಿಗ್ಗೆ ಸರಕನ್ನು ಮುಟ್ಟಿ ನೋಡಿದಾಗಲೇ ತಿಳಿಯುವಂತಿದ್ದರೆ ನಷ್ಟ ತಪ್ಪಿದ್ದಲ್ಲ.

ಕುಸಿತವೋ, ಕಡಿತವೋ?

ವಿದ್ಯುತ್ ಗುಣಮಟ್ಟದ ಮಾಪನಕ್ಕೆ ಐಇಸಿ 61000-4-30 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದರಂತೆ ಉಪಕರಣವು ನಮ್ಮ 50 ಹರ್ಟ್ಸ್ ಜಾಲದಲ್ಲಿ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ವೋಲ್ಟೇಜನ್ನು ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 230 ವೋಲ್ಟಿನ ಶೇ. 90, ಅಂದರೆ 207 ವೋಲ್ಟಿಗಿಂತ ಇಳಿದರೆ ಅದು ಕುಸಿತ, ಶೇ. 10, ಅಂದರೆ 23 ವೋಲ್ಟಿಗಿಂತ ಇಳಿದರೆ ಕಡಿತ. ದೀಪ ಒಮ್ಮೆ ಮಿಣುಕಿ ಯಂತ್ರ ನಿಂತಿತೆಂದರೆ ಅದು ಕುಸಿತವಿರುವ ಸಂಭವವೇ ಹೆಚ್ಚು. ಇದಕ್ಕೆ ಜನರೇಟರ್ ಮದ್ದಲ್ಲ. ನಿಯಂತ್ರಣ ಮಂಡಲಕ್ಕೆ ಸಣ್ಣ ಯುಪಿಎಸ್ ಸಾಕಾಗಬಹುದು. ರೋಗ ತಿಳಿಯದೆ ಬಂಡವಾಳ ಹೂಡುವುದು ತರವಲ್ಲ.

ತ್ರೀಫೇಸ್ ಸಂಪರ್ಕವುಳ್ಳವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಮಾನಕದಲ್ಲಿ ಮೂರೂ ಫೇಸುಗಳು ಮಿತಿಗಿಂತ ಇಳಿದಾಗ ಮಾತ್ರ ಕಡಿತವೆಂದು ದಾಖಲಾಗುತ್ತದೆ. ಒಂದೇ ಫೇಸ್ ಹೋದರೆ ಕಡಿತದ ಅಲಾರಂ ಮೊಳಗದು. ಮೋಟಾರು ಮಾತ್ರ ಸುಟ್ಟೀತು. ಆದ್ದರಿಂದ ಫೇಸ್ ನಷ್ಟಕ್ಕೆ ಪ್ರತ್ಯೇಕ ಅಲಾರಂ ಅಗತ್ಯ.

ಅಲಾರಂ ಹೊಂದಿಸುವ ಬಗೆ

ಪ್ರತಿಯೊಂದು ಘಟನೆಯೂ ದಾಖಲಾಗಲಿ, ಆದರೆ ಪ್ರತಿಯೊಂದಕ್ಕೂ ಗಂಟೆ ಬಾರಿಸುವುದು ಬೇಡ. ಪದೇ ಪದೇ ಕೂಗುವ ಅಲಾರಂನ್ನು ಕೆಲಸಗಾರರೇ ಬಂದ್ ಮಾಡಿಬಿಡುತ್ತಾರೆ. ಜನರೇಟರ್ ಇದ್ದಲ್ಲಿ, ಅದು ಒಂದು ನಿಮಿಷದೊಳಗೆ ಹೊರೆ ವಹಿಸಿಕೊಳ್ಳದಿದ್ದರೆ ಸೂಚನೆ ಬರಲಿ. ವೋಲ್ಟೇಜು ಮಿತಿಯ ಅಂಚಿನಲ್ಲಿ ಓಲಾಡುವಾಗ ಒಂದೇ ಘಟನೆ ಹತ್ತಾಗಿ ದಾಖಲಾಗದಂತೆ, ಮರಳುವ ಮಿತಿಯನ್ನು ಸುಮಾರು ಶೇ. 2ರಷ್ಟು ಮೇಲಿಡುವುದು ವಾಡಿಕೆ. ಉಪಕರಣವನ್ನು ಚೇಂಜ್‌ಓವರ್ ಸ್ವಿಚ್ಚಿಗಿಂತ ಮುಂಚೆ, ಒಳಬರುವ ಲೈನಿನ ಬದಿಗೆ ಅಳವಡಿಸಬೇಕು. ಅದಕ್ಕೂ ಸಂದೇಶ ಕಳಿಸುವ ಮೋಡೆಮ್ಮಿಗೂ ಬ್ಯಾಟರಿ ಇರಬೇಕು, ಗಡಿಯಾರ ಸರಿಯಿರಬೇಕು.

ದಾಖಲೆಯ ಬೆಲೆ

ಕೆಟ್ಟುಹೋದ ಸರಕನ್ನು ಪುಸ್ತಕದಿಂದ ತೆಗೆದುಹಾಕಿದಾಗ, 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕಾರ ಅದರ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಹೀಗಾಗಿ ತೆರಿಗೆಯುಳ್ಳ ಸರಕಿನಲ್ಲಿ ನಷ್ಟ ಇಮ್ಮಡಿ. ಸರಕು ಕೆಡುವಿಕೆಗೆ ವಿಮೆ ಇದ್ದರೆ, ಕಡಿತದ ಆರಂಭ ಹಾಗೂ ಅವಧಿಯ ದಾಖಲೆ ಕ್ಲೇಮಿಗೆ ಆಧಾರವಾಗುತ್ತದೆ. 2003ರ ವಿದ್ಯುತ್ ಕಾಯಿದೆಯ 57ನೇ ಕಲಮು ಸೇವಾ ಮಾನದಂಡ ತಪ್ಪಿದಾಗ ಪರಿಹಾರಕ್ಕೆ ಅವಕಾಶ ನೀಡಿದೆ. 2020ರ ಗ್ರಾಹಕರ ಹಕ್ಕುಗಳ ನಿಯಮಗಳು ಅದನ್ನು ಇನ್ನಷ್ಟು ಬಲಪಡಿಸಿವೆ. ಆದರೆ "ಆಗಾಗ ಕರೆಂಟು ಹೋಗುತ್ತದೆ" ಎಂಬ ದೂರಿಗಿಂತ ದಿನಾಂಕ, ವೇಳೆ, ಅವಧಿಗಳ ಪಟ್ಟಿಗೆ ತೂಕ ಹೆಚ್ಚು.

ಸದಸ್ಯ ಬಾಂಧವರು ನಗದು ಪುಸ್ತಕದಷ್ಟೇ ಶ್ರದ್ಧೆಯಿಂದ ಈ ದಾಖಲೆಯನ್ನೂ ತಿಂಗಳಿಗೊಮ್ಮೆ ಪರಿಶೀಲಿಸಿ, ಪ್ರತಿ ತೆಗೆದಿರಿಸಿಕೊಳ್ಳುವುದು ಕ್ಷೇಮ.