ಅಮೃತೂರು ಬಯಲಿನ ಬಿಳಿ ಹಕ್ಕಿಗಳು

ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ನಾಟಿಯ ಹೊತ್ತಿನಲ್ಲಿ ಬರಬೇಕು. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಿಂದ ನಾಲೆಗೆ ನೀರು ಬಿಟ್ಟರೆ ಗದ್ದೆ ಬಯಲೆಲ್ಲ ಕೆಸರಾಗುತ್ತದೆ. ಕೆಸರಾದ ಕಡೆಗೆಲ್ಲ ಬಿಳಿ ಹಕ್ಕಿಗಳು ಇಳಿಯುತ್ತವೆ. ದೂರಕ್ಕೆ ಎಲ್ಲವೂ ಒಂದೇ ಜಾತಿ. ನಾಲೆಯ ಏರಿ ಹಿಡಿದು ನಿಧಾನವಾಗಿ ನಡೆದರೆ ಆ ಬಿಳುಪಿನೊಳಗೆ ನಾಲ್ಕು ಜಾತಿಗಳಿರುವುದು ಗೊತ್ತಾಗುತ್ತದೆ.

ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರಿನ ಬೆನ್ನಿಗೆ ಬಿದ್ದಿರುವವು ಗೋವಕ್ಕಿಗಳು. ಕುತ್ತಿಗೆ ಗಿಡ್ಡ, ಹಳದಿ ಕೊಕ್ಕೂ ಗಿಡ್ಡ. ಮರಿ ಮಾಡುವ ಕಾಲವಾದ್ದರಿಂದ ಕೆಲವಕ್ಕೆ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬಣ್ಣ ಏರಿದೆ. ಪಕ್ಕದಲ್ಲೇ ಇನ್ನೂ ಬಣ್ಣ ಬಾರದ ಅಚ್ಚ ಬಿಳಿಯವೂ ಇವೆ. ಆಫ್ರಿಕ, ಅಮೆರಿಕಗಳ ಗೋವಕ್ಕಿಗೆ ಈ ಬಣ್ಣ ನೆತ್ತಿ, ಎದೆ, ಬೆನ್ನಿಗಷ್ಟೇ ಸೀಮಿತ. ಈಗ ನಮ್ಮದನ್ನೂ ಅದನ್ನೂ ಬೇರೆ ಬೇರೆ ಪ್ರಭೇದಗಳೆಂದೇ ಎಣಿಸುತ್ತಾರೆ.

ಬದುವಿನ ಮೇಲೆ ನಿಂತು ನೀರು ತಿರುಗಿಸುತ್ತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. “ಎಲ್ಲಾ ಬೆಳ್ಳಕ್ಕಿನೇ ಕಣಪ್ಪ. ಆದ್ರೆ ಟ್ರ್ಯಾಕ್ಟ್ರು ಹಿಂದೆ ಬರೋವೇ ಬೇರೆ, ನೀರಲ್ಲಿ ಕಾಲಾಡಿಸ್ಕೊಂಡು ಮೀನು ಎಬ್ಬಿಸೋವೇ ಬೇರೆ” ಎಂದರು. ಹಕ್ಕಿ ನೋಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ನಡತೆ ಮೊದಲು, ಬಣ್ಣ ಆಮೇಲೆ.

ಅವರು ಹೇಳಿದ ಕಾಲಾಡಿಸುವ ಹಕ್ಕಿ ನಾಲೆಯ ತೂಬಿನ ಹತ್ತಿರವೇ ಸಿಕ್ಕಿತು. ಚಿಕ್ಕ ಬೆಳ್ಳಕ್ಕಿ. ಒಂದು ಕಾಲು ಮುಂದಿಟ್ಟು ಕೆಸರನ್ನು ಗಡಗಡ ಅಲುಗಿಸುತ್ತದೆ, ಹೆದರಿ ಎದ್ದ ಮೀನುಮರಿಗೆ ಚಕ್ಕನೆ ಕೊಕ್ಕು ಹಾಕುತ್ತದೆ. ಕೊಕ್ಕು ಕಪ್ಪು, ಕಾಲೂ ಕಪ್ಪು. ನೆತ್ತಿಯ ಹಿಂದೆ ಎರಡು ಎಳೆ ಗರಿ ಜೋತುಬಿದ್ದಿವೆ. ಇದರ ನಿಜವಾದ ಗುರುತು ಪಾದದಲ್ಲಿದೆ, ಆದರೆ ಅದು ಕೆಸರಿನಲ್ಲಿ ಹುದುಗಿರುತ್ತದೆ. ಹಾರುವವರೆಗೆ ಕಾಯಬೇಕು. ಹಾರಿತು: ಕಪ್ಪು ಕಾಲಿನ ತುದಿಯಲ್ಲಿ ಹಳದಿ ಪಾದ!

ಕಷ್ಟವಿರುವುದು ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಬೆಳ್ಳಕ್ಕಿಗೂ ನಡುವೆ. ಒಂಟಿಯಾಗಿ ನಿಂತ ಹಕ್ಕಿಯ ಗಾತ್ರವನ್ನು ಯಾವುದಕ್ಕೆ ಹೋಲಿಸುವುದು? ಕೊಕ್ಕಿನ ಬಣ್ಣವನ್ನು ನಂಬುವಂತಿಲ್ಲ. ಉಳಿದ ದಿನಗಳಲ್ಲಿ ಹಳದಿ, ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ. ಆಗ ನೋಡಬೇಕಾದದ್ದು ಬಾಯಿಯ ಸೀಳು. ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ಕೆಳಗೇ ಮುಗಿಯುತ್ತದೆ. ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ದುರ್ಬೀನು ಅಲುಗದಂತೆ ಹಿಡಿದು, ಹಕ್ಕಿ ಪಕ್ಕಕ್ಕೆ ಮುಖ ತಿರುಗಿಸಿದ ಕ್ಷಣದಲ್ಲಿ ಈ ಕೂದಲೆಳೆಯಂಥ ಗೆರೆ ಕಂಡುಬಿಟ್ಟರೆ ಮತ್ತೆ ಅನುಮಾನ ಉಳಿಯುವುದಿಲ್ಲ. ದೊಡ್ಡದರ ಉದ್ದ ಕತ್ತಿನಲ್ಲಿ ಮುರಿದಂಥ ಮಡಿಕೆಯೂ ಇದೆ. ಈ ಗೆರೆಯ ಮೇಲಿನ ಪ್ರೀತಿಗೇ ನಾನು ಇಲ್ಲಿಗೆ ಬರುವುದು.

ನಾಲೆ ಬಿಟ್ಟು ಜಲಾಶಯಕ್ಕೆ ಹೋದರೆ ಲೆಕ್ಕ ಕಪ್ಪು ಹಕ್ಕಿಗಳದ್ದು. ತಾನಾಗಿಯೇ ಹೆಚ್ಚುವರಿ ನೀರು ಹೊರಹಾಕುವ ಸೈಫನ್‌ಗಳಿಗೆ ಹೆಸರಾದ ಈ ಅಣೆಕಟ್ಟಿನ ಹಿನ್ನೀರಿನಲ್ಲಿ ನೀರುಕಾಗೆಗಳನ್ನು ಹುಡುಕಿ. ಪುಟ್ಟ ನೀರುಕಾಗೆಯ ಕೊಕ್ಕು ಮೋಟು. ಭಾರತೀಯ ನೀರುಕಾಗೆಗೆ ತುದಿ ಬಾಗಿದ ತೆಳು ಉದ್ದ ಕೊಕ್ಕು, ಹಸಿರುನೀಲಿ ಕಣ್ಣು. ಕೊಕ್ಕು ನೇರವಾಗಿ ಭರ್ಚಿಯಂತಿದ್ದು ನೀರಿನ ಮೇಲೆ ಬರೀ ಕತ್ತು ಕಂಡರೆ ಅದು ಹಾವಕ್ಕಿ. ಸೂರ್ಯನಿಗೆ ಎದುರಾಗಿ ನಿಂತರೆ ಈ ಮೂರೂ ಬರೀ ನೆರಳು. ಬಿಸಿಲು ಬೆನ್ನಿಗೆ ಬೀಳುವ ದಡ ಹಿಡಿದೇ ನಡೆಯಿರಿ.